ನಗರದ ನಟ್ಟನಡುವಿನ ಬದುಕು, ಪೊಲೀಸರ ಬಲಪ್ರಯೋಗ: ಮನವಿಗೆ ಸಹಿ ಹಾಕುವ ಮುನ್ನ

ಏಳನೇ ಮಹಡಿ

ನಮ್ಮ ಕಟ್ಟಡದ ನಿವಾಸಿಗಳ ಸಂಘದವರು ಪೊಲೀಸರಿಗೆ ಕೊಡಲು ಒಂದು ಮನವಿ ಬರೆದಿದ್ದಾರೆ. ರಾತ್ರಿ ಕುಡಿದವರ ಜಗಳ, ಗಾಜು ಒಡೆಯುವುದು, ಮೆಟ್ಟಿಲ ಕೆಳಗೆ ಬಂದು ಮಲಗುವವರು, ಕಂಡಕಂಡವರ ಮೇಲೆ ಕೂಗಾಡುವವರು, ಎಲ್ಲವೂ ಅದರಲ್ಲಿದೆ. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ನಗರದ ನಡುವೆ ಮನೆ ಮಾಡಿದ ಮೇಲೆ ಇದನ್ನೆಲ್ಲ ನಾನೂ ನೋಡುತ್ತಲೇ ಇದ್ದೇನೆ. ಆದರೆ ಕೊನೆಯಲ್ಲಿ "ಅಗತ್ಯ ಬಿದ್ದರೆ ಪೊಲೀಸರು ಬಲಪ್ರಯೋಗಕ್ಕೂ ಹಿಂಜರಿಯಬಾರದು" ಎಂದು ಸೇರಿಸಿದ್ದಾರೆ. ಯಾರ ಮೇಲೆ, ಯಾವಾಗ, ಎಷ್ಟು, ಆಮೇಲೆ ಲೆಕ್ಕ ಕೇಳುವವರು ಯಾರು ಎಂಬ ಮಾತೇ ಇಲ್ಲ. ಇಷ್ಟೊಂದು ಮನೆಯವರ ಸಹಿ ಇರುವ ಕಾಗದ ಠಾಣೆಗೆ ಹೋದರೆ ಅದನ್ನು ಮುಂಗಡ ಒಪ್ಪಿಗೆ ಎಂದೇ ಓದಿಕೊಳ್ಳುತ್ತಾರೆ. ನೀವೆಲ್ಲ ಏನನ್ನುತ್ತೀರಿ?

ಗಲ್ಲಾಪೆಟ್ಟಿಗೆ

ಮೇಡಂ, ಏಳನೇ ಮಹಡಿಯಿಂದ ನೋಡೋದೇ ಬೇರೆ, ಕೆಳಗೆ ಅಂಗಡಿ ಬಾಗಿಲಲ್ಲಿ ನಿಲ್ಲೋದೇ ಬೇರೆ. ಬೆಳಗ್ಗೆ ಶಟರ್ ಎತ್ತೋ ಮುಂಚೆ ಗಾಜಿನ ಚೂರು ಗುಡಿಸಿ, ಮೂತ್ರ ತೊಳೆದು ವ್ಯಾಪಾರ ಶುರು ಮಾಡೋನು ನಾನು. ಹೋದ ತಿಂಗಳು ಒಬ್ಬ ಕಬ್ಬಿಣದ ಸರಳು ಹಿಡ್ಕೊಂಡು ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ನನ್ನ ಹುಡುಗಿ ಒಬ್ಬಳು, ಇಬ್ಬರು ಗಿರಾಕಿಗಳು. ಪೊಲೀಸರು ಬಂದ್ರು, ದೂರ ನಿಂತು ಮಾತಾಡಿದ್ರು, ಮಾತಾಡ್ತಾನೇ ಇದ್ರು. ಅಷ್ಟೂ ಹೊತ್ತು ನಾವು ಒಳಗೆ ಉಸಿರು ಬಿಗಿ ಹಿಡಿದಿದ್ವಿ. ಆ ಸಾಲು ಇರಲಿ ಅಂತ ಹೇಳಿದವರಲ್ಲಿ ನಾನೂ ಒಬ್ಬ. ತೆಗೆಯೋದಾದ್ರೆ ಬದಲಿಗೆ ಏನು ಬರೀತೀರಿ ಹೇಳಿ.

ನಿವೃತ್ತ ಪೇದೆ

ಅಣ್ಣಾ, ನಿಮ್ಮ ಭಯ ಸುಳ್ಳಲ್ಲ. ಆದ್ರೆ ಒಂದು ಕೇಳ್ತೀನಿ. ಆ ದಿನ ಯಾರಿಗಾದ್ರೂ ಪೆಟ್ಟಾಯ್ತಾ? ಆಗಿಲ್ಲ ಅಂದ್ರೆ ಆ ಹುಡುಗರು ತಮ್ಮ ಕೆಲಸ ಚೆನ್ನಾಗಿ ಮಾಡಿದ್ದಾರೆ. ಕೈಯಲ್ಲಿ ಸರಳು ಇರೋನ ಹತ್ತಿರ ನುಗ್ಗಿದ್ರೆ ಅವನು ಬೀಸ್ತಾನೆ, ಅವನು ಬೀಸಿದ್ರೆ ನಾವು ಹೊಡೀಬೇಕಾಗುತ್ತೆ, ನಮ್ಮ ಹಿಂದೆ ಇರೋ ಗಿರಾಕಿಗೂ ತಗಲುತ್ತೆ. ದೂರ ನಿಂತು, ಮಧ್ಯೆ ಒಂದು ವಾಹನನೋ ಕಂಬನೋ ಇಟ್ಟುಕೊಂಡು, ಒಬ್ಬನೇ ಮಾತಾಡೋದು, ಉಳಿದವರು ಸುಮ್ಮನಿರೋದು. ಹೊರಗಿಂದ ನೋಡೋರಿಗೆ ಕೈಲಾಗದವರ ಥರ ಕಾಣ್ತೀವಿ. ಹೊತ್ತು ಕಳೆದಷ್ಟೂ ಎದುರಿಗಿರೋನ ತೋಳು ಸೋಲುತ್ತೆ, ತಲೆ ತಣ್ಣಗಾಗುತ್ತೆ.

ಹಾಗಂತ ನಾವೆಲ್ಲ ಹೀಗೇ ಮಾಡ್ತಿದ್ವಿ ಅಂತ ಹೇಳಲ್ಲ. ಎಷ್ಟೋ ಕಡೆ ಮೊದಲು ಲಾಠಿ, ಆಮೇಲೆ ಮಾತು.

ಕಪ್ಪುಕೋಟು

ಕಾನೂನು ಏನು ಹೇಳುತ್ತದೆ ಎಂಬುದನ್ನು ಇಟ್ಟುಕೊಂಡು ಮಾತಾಡುವುದು ಒಳ್ಳೆಯದು. 1979ರಲ್ಲಿ ವಿಶ್ವಸಂಸ್ಥೆ ಕಾನೂನು ಪಾಲಕರಿಗೆ ಒಂದು ನೀತಿಸಂಹಿತೆ ಒಪ್ಪಿಕೊಂಡಿತು. ಅದರ 3ನೇ ವಿಧಿಯ ತಿರುಳು ಇಷ್ಟೇ: ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಲ, ಅದೂ ಕರ್ತವ್ಯಕ್ಕೆ ಬೇಕಾದಷ್ಟೇ. 1990ರಲ್ಲಿ ಹವಾನಾದಲ್ಲಿ ಒಪ್ಪಿದ ಮೂಲ ತತ್ವಗಳು ಇನ್ನೂ ಬಿಡಿಸಿ ಹೇಳಿವೆ. ಮೊದಲು ಬಲವಿಲ್ಲದ ವಿಧಾನ ಪ್ರಯತ್ನಿಸಬೇಕು. ಬಲ ಬಳಸಿದರೆ ಅಪರಾಧದ ಗಂಭೀರತೆಗೆ ತಕ್ಕಷ್ಟೇ ಇರಬೇಕು. ಗಾಯವಾದವರಿಗೆ ಆದಷ್ಟು ಬೇಗ ಚಿಕಿತ್ಸೆ ಸಿಗಬೇಕು. ಗಾಯ ಅಥವಾ ಸಾವು ಸಂಭವಿಸಿದರೆ ಮೇಲಧಿಕಾರಿಗೆ ತಕ್ಷಣ ವರದಿ ಹೋಗಬೇಕು.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 46ನೇ ಕಲಂ ಪ್ರಕಾರ, ಬಂಧಿತ ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ನಿರ್ಬಂಧ ಹೇರುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ 49ನೇ ಕಲಮಾಗಿತ್ತು. ಅಂದರೆ ಅಗತ್ಯ ಬಿದ್ದಾಗ ಬಲ ಬಳಸುವ ಅಧಿಕಾರ ಪೊಲೀಸರಿಗೆ ಆಗಲೇ ಇದೆ, ನಮ್ಮ ಸಹಿಗಾಗಿ ಅದು ಕಾಯುತ್ತಿಲ್ಲ. ಮನವಿಯ ಆ ಸಾಲು ಅಧಿಕಾರವನ್ನು ಕೊಡುವುದಿಲ್ಲ, ಹಿಂಜರಿಕೆಯನ್ನಷ್ಟೇ ತೆಗೆಯುತ್ತದೆ. ಆ ಹಿಂಜರಿಕೆ ಉಳಿಯಲಿ ಎಂದೇ ಕಾನೂನು ಬಯಸುವುದು.

ಇಬ್ಬರು ಮಕ್ಕಳ ತಾಯಿ

ಕಾನೂನೆಲ್ಲ ಸರಿ. ಸಂಜೆ ಏಳಾದ ಮೇಲೆ ಮಗಳನ್ನು ಕೆಳಗೆ ಕಳಿಸಲು ನನಗೆ ಧೈರ್ಯ ಬರುವುದಿಲ್ಲ. ಪೊಲೀಸರು ಕಡಿಮೆಯಾದರೆ ಬೀದಿ ತಾನಾಗಿ ಶಾಂತವಾಗುತ್ತದೆಯೇ? ಗಟ್ಟಿ ದನಿ, ಗಟ್ಟಿ ತೋಳು ಇರುವವರ ಕೈಗೆ ಹೋಗುತ್ತದೆ. ಆಗ ಮೊದಲು ಮನೆ ಸೇರುವವರು ಹೆಂಗಸರು, ಮುದುಕರು, ಮಕ್ಕಳು. ಹಣವಿದ್ದವರು ಕಾವಲುಗಾರರನ್ನು ಇಟ್ಟುಕೊಳ್ಳುತ್ತಾರೆ. ನನಗೆ ಪೊಲೀಸರು ಬೇಕು. ಕಣ್ಣಿಗೆ ಕಾಣುವಂತೆ, ಕಾಲ್ನಡಿಗೆಯಲ್ಲಿ, ಅದೇ ಮುಖ ದಿನವೂ ಬೇಕು.

ಏಳನೇ ಮಹಡಿ

ಅಕ್ಕಾ, ನೀವು ಹೇಳಿದ ಅಷ್ಟನ್ನೂ ಮನವಿಯಲ್ಲಿ ಸೇರಿಸೋಣ. ಕಾಲ್ನಡಿಗೆಯ ಗಸ್ತು, ದಿನವೂ ಅದೇ ಸಿಬ್ಬಂದಿ. ಬೀದಿಯ ಮುಖಗಳನ್ನು ಬಲ್ಲ ಪೇದೆಗೆ ಯಾರು ಅಪಾಯ, ಯಾರು ಬರೀ ಗದ್ದಲ ಎಂಬುದು ಗೊತ್ತಿರುತ್ತದೆ. ಹೊಸಬನಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ರಾತ್ರಿ ಪಾಳಿ

ತುರ್ತು ಚಿಕಿತ್ಸಾ ವಿಭಾಗದ ನರ್ಸ್ ನಾನು. ಬಲಪ್ರಯೋಗ ಮುಗಿದ ಮೇಲೆ ಜನ ಬರುವುದು ನಮ್ಮ ಬಾಗಿಲಿಗೆ.

ರಕ್ತದಲ್ಲಿ ಸಕ್ಕರೆ ಕುಸಿದವರನ್ನು ಹತ್ತಿರದಿಂದ ನೋಡಿದ್ದೀರಾ? ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ, ಕೈ ನಡುಗುತ್ತದೆ, ನಾಲಗೆ ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಹೆಸರು ಕೇಳಿದರೆ ಬೈಯುತ್ತಾರೆ, ಹಿಡಿಯಲು ಹೋದರೆ ಕೊಸರಾಡುತ್ತಾರೆ. ಮೂರು ಮಾರು ದೂರದಿಂದ ನೋಡುವವರಿಗೆ ಪಕ್ಕಾ ಕುಡುಕ. ಗ್ಲೂಕೋಸ್ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಅದೇ ವ್ಯಕ್ತಿ "ನಾನು ಇಲ್ಲಿಗೆ ಹೇಗೆ ಬಂದೆ ಸಿಸ್ಟರ್" ಎನ್ನುತ್ತಾರೆ.

ಅಮೆರಿಕದಲ್ಲಿ ಪೊಲೀಸ್ ಬಲಪ್ರಯೋಗದ ಅಳತೆಗೋಲನ್ನೇ ನಿಗದಿ ಮಾಡಿದ ಮೊಕದ್ದಮೆ ಶುರುವಾದದ್ದು ಇಂಥದ್ದರಿಂದಲೇ. 1984ರಲ್ಲಿ ಷಾರ್ಲಟ್ ನಗರದ ಡೆಥೋರ್ನ್ ಗ್ರಹಾಂ ಎಂಬ ಮಧುಮೇಹಿ ಸಕ್ಕರೆ ಇಳಿಯುತ್ತಿದೆ ಎಂದು ಕಿತ್ತಳೆ ರಸ ಕೊಳ್ಳಲು ಅಂಗಡಿಗೆ ಹೋದರು. ಉದ್ದ ಸಾಲು ಕಂಡು ಬೇಗ ಹೊರಬಂದರು. ಅಷ್ಟಕ್ಕೇ ಪೊಲೀಸರಿಗೆ ಅನುಮಾನ ಬಂತು. ಅವರ ಕೈಗೆ ಬೇಡಿ ಬಿತ್ತು, ಪಾದದ ಮೂಳೆ ಮುರಿಯಿತು. ಕಾಯಿಲೆಯ ಮಾತು ಹೇಳಿದರೂ ಪೊಲೀಸರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿಯಲ್ಲಿ ಏನೂ ನಡೆದಿರಲಿಲ್ಲ.

ಕಪ್ಪುಕೋಟು

ಆ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ 1989ರ ತೀರ್ಪು ಹೇಳಿದ್ದು ಇದು: ಘಟನೆಯ ನಂತರ ಕುಳಿತು ಯೋಚಿಸುವವರ ಕಣ್ಣಿನಿಂದಲ್ಲ, ಆ ಕ್ಷಣ ಅಲ್ಲಿದ್ದ ವಿವೇಕವುಳ್ಳ ಅಧಿಕಾರಿಯ ಕಣ್ಣಿನಿಂದ ಅಳೆಯಬೇಕು. ಇದು ಪೊಲೀಸರಿಗೆ ಅನುಕೂಲವೆಂದು ಟೀಕಿಸುವವರು ಬಹಳ ಮಂದಿ. ಅದಕ್ಕೂ ಮುನ್ನ, 1985ರಲ್ಲಿ, ಮೆಂಫಿಸ್‌ನಲ್ಲಿ ಬೇಲಿ ಹತ್ತಿ ಓಡುತ್ತಿದ್ದ ನಿರಾಯುಧ ಹುಡುಗನನ್ನು ಗುಂಡಿಟ್ಟು ಕೊಂದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಓಡುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಪ್ರಾಣ ತೆಗೆಯುವಂತಿಲ್ಲ ಎಂದಿತ್ತು. ಅವನಿಂದ ಬೇರೆಯವರ ಜೀವಕ್ಕೆ ಗಂಭೀರ ಅಪಾಯವಿದೆ ಎಂದು ನಂಬಲು ಆಧಾರ ಬೇಕು.

ಗಲ್ಲಾಪೆಟ್ಟಿಗೆ

ಎಲ್ಲೋ ಗುಂಡು ಹಾರಿದ ಕಥೆ ಹೇಳಿ ಇಲ್ಲಿ ರಸ್ತೆ ಗಲಾಟೆ ಸಹಿಸ್ಕೋ ಅಂದ್ರೆ ಹೇಗೆ ಸರ್? ಆ ದೇಶದಲ್ಲಿ ಎಲ್ಲರ ಹತ್ತಿರ ಬಂದೂಕು. ಅಲ್ಲಿನ ಪೊಲೀಸರ ಭಯವೇ ಬೇರೆ.

ನಿವೃತ್ತ ಪೇದೆ

ಬಂದೂಕಿನ ವಿಷಯ ನಿಜ. ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡ್‌ನಲ್ಲಿ ಮಾಮೂಲಿ ಗಸ್ತಿನ ಪೊಲೀಸರು ಸೊಂಟಕ್ಕೆ ಬಂದೂಕು ಕಟ್ಟಲ್ಲ. ಆದ್ರೆ ಬರೀ ಕೈಯಿಂದಲೂ ಜೀವ ಹೋಗುತ್ತೆ ಅಣ್ಣಾ. ಅದನ್ನ ಸಿಸ್ಟರ್ ನನಗಿಂತ ಚೆನ್ನಾಗಿ ಹೇಳ್ತಾರೆ.

ರಾತ್ರಿ ಪಾಳಿ

ಹೇಳುತ್ತೇನೆ. ಮನುಷ್ಯನನ್ನು ಬೋರಲು ಮಲಗಿಸಿ, ಕೈ ಹಿಂದಕ್ಕೆ ಕಟ್ಟಿ, ಬೆನ್ನ ಮೇಲೆ ಭಾರ ಹಾಕಿದರೆ ಎದೆಗೂಡು ಹಿಗ್ಗುವುದಿಲ್ಲ, ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಕೆಳಗಿಳಿಯಲು ಜಾಗವಿರುವುದಿಲ್ಲ. ಆಗಲೇ ಓಡಿ, ಕಾದಾಡಿ ಏದುಸಿರು ಬಿಡುತ್ತಿರುವ ದೇಹಕ್ಕೆ ಹೆಚ್ಚು ಗಾಳಿ ಬೇಕು, ಸಿಗುವುದು ಕಡಿಮೆ. ಉಸಿರಿಗಾಗಿ ಒದ್ದಾಡುತ್ತಾನೆ. ಮೇಲೆ ಕೂತವರಿಗೆ ಅದು ಪ್ರತಿರೋಧದಂತೆ ಕಾಣುತ್ತದೆ, ಇನ್ನೂ ಒತ್ತುತ್ತಾರೆ. ಒದ್ದಾಟ ನಿಂತಾಗ "ಸುಮ್ಮನಾದ" ಎಂದುಕೊಳ್ಳುತ್ತಾರೆ. ನಮಗೆ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. "ಮಾತಾಡುತ್ತಿದ್ದಾನಲ್ಲ, ಹಾಗಾದರೆ ಉಸಿರಾಡುತ್ತಿದ್ದಾನೆ" ಎಂಬ ನಂಬಿಕೆಯೂ ತಪ್ಪು. ಎರಡು ಪದ ಹೊರಡಿಸುವಷ್ಟು ಗಾಳಿ ಬದುಕಲು ಸಾಲುವುದಿಲ್ಲ.

ಇದು ಹೊಸ ಸಂಗತಿಯೇನಲ್ಲ. ಕೈಕೋಳ ಬಿದ್ದ ಕೂಡಲೇ ಹೊಟ್ಟೆಯ ಮೇಲಿಂದ ಹೊರಳಿಸಿ ಎಂದು ಅಮೆರಿಕದ ನ್ಯಾಯ ಇಲಾಖೆಯ ಪ್ರಕಟಣೆ 1995ರಲ್ಲೇ ಪೊಲೀಸರಿಗೆ ತಿಳಿಸಿತ್ತು. ಪಕ್ಕಕ್ಕೆ ಹೊರಳಿಸಬೇಕು, ಇಲ್ಲವೇ ಎಬ್ಬಿಸಿ ಕೂರಿಸಬೇಕು. ಅದಕ್ಕೆ ಉಪಕರಣವೂ ಬೇಡ, ಖರ್ಚೂ ಇಲ್ಲ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯ ಮಂಡಿಯ ಕೆಳಗೆ ಸಿಕ್ಕಿ ಸತ್ತ ಜಾರ್ಜ್ ಫ್ಲಾಯ್ಡ್ ಅವರಿಗೆ ಇದನ್ನು ಯಾರೂ ಮಾಡಲಿಲ್ಲ.

ಹೊಸ ಬಾಡಿಗೆದಾರ

ಆ ಘಟನೆಯಲ್ಲಿ ಎರಡು ವಿಷಯ ನನ್ನ ತಲೆಯಿಂದ ಹೋಗುವುದೇ ಇಲ್ಲ. ಪೊಲೀಸರನ್ನು ಕರೆಸಿದ್ದು 20 ಡಾಲರಿನ ಖೋಟಾ ನೋಟಿನ ಅನುಮಾನಕ್ಕೆ. ಮತ್ತೆ, ಮೊದಲು ಹೊರಬಂದ ಪೊಲೀಸ್ ಹೇಳಿಕೆಯಲ್ಲಿ ಅದನ್ನು ಬಂಧನದ ವೇಳೆ ಎದುರಾದ ಆರೋಗ್ಯದ ತೊಂದರೆ ಎಂಬಂತೆ ಬರೆದಿತ್ತು. ಕುತ್ತಿಗೆಯ ಮೇಲೆ ಮಂಡಿ ಇಟ್ಟ ಮಾತೇ ಇರಲಿಲ್ಲ. 17 ವರ್ಷದ ಹುಡುಗಿಯೊಬ್ಬಳು ಫುಟ್‌ಪಾತಿನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರಿಂದ ಮಂಡಿ ಊರಿದ್ದ ಆ 9 ನಿಮಿಷ 29 ಸೆಕೆಂಡು ಜಗತ್ತಿಗೆ ಗೊತ್ತಾಯಿತು. ಆ ಅಧಿಕಾರಿಗೆ 22 ವರ್ಷ 6 ತಿಂಗಳ ಶಿಕ್ಷೆಯಾಯಿತು. ಜೊತೆಯಲ್ಲಿದ್ದ ಮೂವರಿಗೂ 2022ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಯಿತು. ನಗರದ ನಡುವೆ ಇಷ್ಟು ಕಿಟಕಿಗಳಿವೆ. ನಾವು ನೋಡಬೇಕು, ರೆಕಾರ್ಡ್ ಮಾಡಬೇಕು.

ನಿವೃತ್ತ ಪೇದೆ

ಮಾಡಿ, ಆದ್ರೆ ಅಡ್ಡ ಬರಬೇಡಿ. ದೂರದಿಂದ, ಕದಲದೆ, ಶುರುವಿನಿಂದ ಮಾಡಿ. ಮಧ್ಯದ ಅರ್ಧ ನಿಮಿಷ ಕತ್ತರಿಸಿ ಹರಿಬಿಟ್ರೆ ಪೊಲೀಸನಿಗೂ ಅನ್ಯಾಯ, ಪೆಟ್ಟು ತಿಂದವನಿಗೂ ಅನ್ಯಾಯ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರ್ತೀನಿ. ಲಾಠಿ ಎತ್ತೋಕೆ ಮುಂಚೆ ಒಂದು ಫೋನ್ ಕರೆ ಇರುತ್ತೆ. ಕಂಟ್ರೋಲ್ ರೂಮಿಗೆ ನೀವು ಏನು ಹೇಳ್ತೀರೋ ಅದೇ ನಮ್ಮ ಕಿವಿಗೆ ಬರೋದು. "ಯಾರೋ ಅಳ್ತಾ ಕೂಗಾಡ್ತಿದ್ದಾನೆ, ಒಬ್ಬನೇ ಇದ್ದಾನೆ, ಕೈ ಖಾಲಿ" ಅಂದ್ರೆ ಇಬ್ಬರು ನಡ್ಕೊಂಡು ಹೋಗಿ ವಿಚಾರಿಸ್ತಾರೆ. "ಚಾಕು ಇರಬಹುದು, ಬೇಗ ಬನ್ನಿ, ಕೊಲ್ತಾನೆ" ಅಂದ್ರೆ ವಾಹನದಿಂದ ಇಳಿಯೋವಾಗಲೇ ನಮ್ಮ ಎದೆ ಹೊಡ್ಕೊಳ್ತಿರುತ್ತೆ. ಪೊಲೀಸ್ ಬೇಗ ಬರಲಿ ಅಂತ ಉಪ್ಪು ಖಾರ ಹಚ್ಚಿ ಹೇಳೋರನ್ನ ಬೇಕಾದಷ್ಟು ನೋಡಿದ್ದೀನಿ.

2014ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 12 ವರ್ಷದ ಹುಡುಗ ಪಾರ್ಕಿನಲ್ಲಿ ಆಟದ ಪಿಸ್ತೂಲು ಹಿಡಿದಿದ್ದ. ಕರೆ ಮಾಡಿದವನು "ಅದು ನಕಲಿ ಇರಬಹುದು, ಹುಡುಗ ಇರಬಹುದು" ಅಂತ ಹೇಳಿದ್ದ. ಆ ಮಾತು ಗಸ್ತಿನವರಿಗೆ ತಲುಪಲಿಲ್ಲ. ವಾಹನ ನಿಂತ ಸುಮಾರು ಎರಡು ಸೆಕೆಂಡಿನಲ್ಲಿ ಗುಂಡು ಹಾರಿತು. ವಾಹನವನ್ನ ದೂರ ನಿಲ್ಲಿಸಿದ್ರೂ ಆ ಮಗು ಉಳೀತಿತ್ತೇನೋ. ಪೊಲೀಸಿನವನಾಗಿ ಇದನ್ನ ನೆನೆಸ್ಕೊಂಡ್ರೆ ಹೊಟ್ಟೆ ಕಿವುಚುತ್ತೆ.

ಏಳನೇ ಮಹಡಿ

ಸರ್, ಇದನ್ನು ನಾನು ಯೋಚಿಸಿರಲೇ ಇಲ್ಲ. ಪೊಲೀಸರಿಗೆ ಬರೆಯುವ ಮನವಿಯ ಜೊತೆಗೆ ನಮ್ಮವರಿಗೇ ಒಂದು ಸೂಚನೆ ಬೇಕಾಗುತ್ತದೆ. ಕಂಡದ್ದನ್ನಷ್ಟೇ ಹೇಳಿ, ಊಹೆ ಸೇರಿಸಬೇಡಿ ಎಂದು ಲಿಫ್ಟಿನ ಪಕ್ಕ ಅಂಟಿಸೋಣ.

ಇಬ್ಬರು ಮಕ್ಕಳ ತಾಯಿ

ಒಪ್ಪಿದೆ. ಆದರೆ ಹೆದರಿದ ಹೆಂಗಸು ಫೋನ್ ಮಾಡುವಾಗ ಪದಗಳನ್ನು ತೂಗಿ ಮಾತಾಡಬೇಕೆಂಬ ಹೊರೆಯನ್ನು ಅವಳ ಮೇಲೆ ಹಾಕಬೇಡಿ. ಸರಿಯಾದ ಪ್ರಶ್ನೆ ಕೇಳುವುದು ಕರೆ ತೆಗೆದುಕೊಳ್ಳುವವರ ಕೆಲಸ. ಕೈಯಲ್ಲಿ ಏನಾದರೂ ಕಾಣುತ್ತಿದೆಯೇ, ಯಾರಿಗಾದರೂ ಪೆಟ್ಟಾಗಿದೆಯೇ, ಅವನು ಯಾರನ್ನಾದರೂ ಬೆನ್ನಟ್ಟುತ್ತಿದ್ದಾನೆಯೇ ಎಂದು ಅವರು ಕೇಳಲಿ, ನಾವು ಉತ್ತರಿಸುತ್ತೇವೆ.

ನಿವೃತ್ತ ಪೇದೆ

ಸರಿಯಾದ ಮಾತು ತಾಯಿ. ಹೊರೆ ಅವರದ್ದೇ.

ರಾತ್ರಿ ಪಾಳಿ

ಎಲ್ಲ ಕರೆಗೂ ಪೊಲೀಸರೇ ಏಕೆ ಹೋಗಬೇಕು ಎಂಬುದನ್ನೂ ಕೇಳಬೇಕು. 1987ರಲ್ಲಿ ಮೆಂಫಿಸ್ ಪೊಲೀಸರ ಗುಂಡಿಗೆ ಮಾನಸಿಕ ಅಸ್ವಸ್ಥರೊಬ್ಬರು ಬಲಿಯಾದ ಮೇಲೆ, 1988ರಲ್ಲಿ ಅಲ್ಲಿ ಇಂಥ ಕರೆಗಳಿಗೆಂದೇ ತರಬೇತಾದ ಪೊಲೀಸ್ ತಂಡ ಕಟ್ಟಿದರು. ಡೆನ್ವರ್ ನಗರ 2020ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಯ್ದ ಕರೆಗಳಿಗೆ ಪೊಲೀಸರ ಬದಲು ಒಬ್ಬ ಮಾನಸಿಕ ಆರೋಗ್ಯ ಕಾರ್ಯಕರ್ತ, ಒಬ್ಬ ಪ್ಯಾರಾಮೆಡಿಕ್ ಒಂದು ವ್ಯಾನಿನಲ್ಲಿ ಹೋಗುತ್ತಾರೆ. ಅದು ಮೊದಲು ಶುರುವಾದದ್ದು ಆ ನಗರದ ನಡುಭಾಗದ ಬೀದಿಗಳಲ್ಲೇ. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ವ್ಯಾನ್ ಓಡಾಡಿದ ಪ್ರದೇಶಗಳಲ್ಲಿ ಸಣ್ಣಪುಟ್ಟ ಅಪರಾಧಗಳ ದೂರು ಶೇ 34ರಷ್ಟು ಇಳಿಯಿತು.

ಗಲ್ಲಾಪೆಟ್ಟಿಗೆ

ಸಿಸ್ಟರ್, ಅಂಥ ವ್ಯಾನ್ ಬಂದ್ರೆ ನಾನೇ ಮೊದಲು ಫೋನ್ ಮಾಡ್ತೀನಿ. ಮೆಟ್ಟಿಲ ಕೆಳಗೆ ಮಲಗೋನನ್ನ ಹೊಡೆದು ಓಡಿಸಿದ್ರೆ ಮೂರು ದಿನಕ್ಕೆ ವಾಪಸ್ ಬರ್ತಾನೆ, ಇನ್ನೂ ಹೆದರಿ, ಇನ್ನೂ ಸಿಟ್ಟಾಗಿ. ಅವನಿಗೆ ಹೋಗೋಕೆ ಜಾಗ ಬೇಕು. ನನ್ನ ಮಾತು ಸರಳು ಹಿಡಿದು ಬಂದೋನ ಬಗ್ಗೆ.

ಕಪ್ಪುಕೋಟು

ಅದಕ್ಕೂ ಅಂಕಿಅಂಶವಿದೆ. ನಿವೃತ್ತ ಪೇದೆಯವರು ವಿವರಿಸಿದ ದೂರ ಮತ್ತು ಸಮಯದ ವಿಧಾನವನ್ನು ಅಮೆರಿಕದ ಲೂಯಿವಿಲ್ ಪೊಲೀಸರಿಗೆ ಕ್ರಮಬದ್ಧವಾಗಿ ಕಲಿಸಿದ ಮೇಲೆ ಬಲಪ್ರಯೋಗದ ಘಟನೆಗಳು ಶೇ 28, ಅಧಿಕಾರಿಗಳಿಗಾದ ಗಾಯಗಳು ಶೇ 36 ಕಡಿಮೆಯಾದವು. ಪೊಲೀಸರ ಮೈಗೂ ಅದು ರಕ್ಷಣೆ ಎಂಬುದು ಈ ಚರ್ಚೆಗಳಲ್ಲಿ ಬಹುತೇಕ ಮರೆತೇ ಹೋಗುತ್ತದೆ.

ಹೊಸ ಬಾಡಿಗೆದಾರ

ಪೊಲೀಸರ ಎದೆಗೆ ಸಿಕ್ಕಿಸುವ ಬಾಡಿ ಕ್ಯಾಮೆರಾ ಕೇಳೋಣವೇ?

ಕಪ್ಪುಕೋಟು

ಕೇಳೋಣ, ಅದರ ಮೇಲೆಯೇ ಭಾರ ಹಾಕುವುದು ಬೇಡ. ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಸಣ್ಣ ಊರಿನಲ್ಲಿ 2012-13ರಲ್ಲಿ ಪ್ರಯೋಗ ಮಾಡಿದಾಗ ಬಲಪ್ರಯೋಗ ಗಣನೀಯವಾಗಿ ಇಳಿದಿತ್ತು. ವಾಷಿಂಗ್ಟನ್ ಡಿ.ಸಿ.ಯಲ್ಲಿ 2 ಸಾವಿರಕ್ಕೂ ಹೆಚ್ಚು ಪೊಲೀಸರ ಮೇಲೆ ನಡೆದ, 2017ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾವಾಗ ಆನ್ ಮಾಡಬೇಕು, ದೃಶ್ಯ ಯಾರ ವಶದಲ್ಲಿರಬೇಕು, ದೂರುದಾರನಿಗೆ ಎಷ್ಟು ದಿನದಲ್ಲಿ ಸಿಗಬೇಕು ಎಂಬ ನಿಯಮಗಳಿಲ್ಲದಿದ್ದರೆ ಅದು ಎದೆಗೆ ಸಿಕ್ಕಿಸಿದ ಒಂದು ಡಬ್ಬಿ.

ನನ್ನನ್ನು ಕೇಳಿದರೆ ಕ್ಯಾಮೆರಾಗಿಂತ ಮೊದಲು ಕಾಗದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2017ರಿಂದ ಪೊಲೀಸರು ಬಲ ಬಳಸಿದ ಪ್ರತಿ ಸಲವೂ ಒಂದು ನಮೂನೆ ತುಂಬಬೇಕು. ಎದುರಾಡದೆ ಕೈ ಕೊಟ್ಟವನಿಗೆ ಕೋಳ ಹಾಕಿದರೂ ಲೆಕ್ಕಕ್ಕೆ ಬರುತ್ತದೆ. ಅದರಿಂದ ಯಾವ ಭಾಗದಲ್ಲಿ, ಯಾರ ಮೇಲೆ, ಎಷ್ಟು ಎಂಬುದು ಜನರ ಕಣ್ಣಿಗೆ ಬೀಳುತ್ತದೆ. ಭಾರತದಲ್ಲಿ ಪೊಲೀಸ್ ವಶದಲ್ಲಿನ ಸಾವುಗಳ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1996ರ ತೀರ್ಪು ಬಂಧಿಸುವವರ ಎದೆಯ ಮೇಲೆ ಹೆಸರು ಇರಬೇಕು, ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಎಂದಿತು. 2020ರ ಡಿಸೆಂಬರಿನಲ್ಲಿ ಎಲ್ಲ ಠಾಣೆಗಳಲ್ಲೂ ಧ್ವನಿ ಸಮೇತ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಎದೆಯ ಮೇಲಿನ ಹೆಸರು ಸಣ್ಣ ವಿಷಯ ಎನಿಸಬಹುದು. ಹೆಸರಿಲ್ಲದ ಸಮವಸ್ತ್ರದ ಮೇಲೆ ದೂರು ಬರೆಯಲು ಬಂದ ಕಕ್ಷಿದಾರರನ್ನು ಕೇಳಿ, ಅದರ ಬೆಲೆ ಅವರಿಗೆ ಗೊತ್ತು.

ಏಳನೇ ಮಹಡಿ

ಪ್ರತಿಭಟನೆಗಳ ವಿಷಯ ಯಾರೂ ಎತ್ತಲಿಲ್ಲ. ನಗರದ ನಡುವೆ ಇದ್ದ ಮೇಲೆ ಮೆರವಣಿಗೆ ನಮ್ಮ ಬಾಗಿಲಲ್ಲೇ ಹೋಗುತ್ತದೆ.

ಹೊಸ ಬಾಡಿಗೆದಾರ

ಲಂಡನ್ನಿನಲ್ಲಿ 2001ರ ಮೇ 1ರಂದು ಆಕ್ಸ್‌ಫರ್ಡ್ ಸರ್ಕಸ್ ವೃತ್ತದಲ್ಲಿ ಪೊಲೀಸರು ಸುತ್ತಲೂ ಗೋಡೆಯಂತೆ ನಿಂತು ಸಾವಿರಾರು ಜನರನ್ನು ಸುಮಾರು ಏಳು ಗಂಟೆ ಹೊರಬಿಡಲಿಲ್ಲ. ಪ್ರತಿಭಟನೆಗೆ ಸಂಬಂಧವೇ ಇಲ್ಲದ ದಾರಿಹೋಕರೂ ಅದರಲ್ಲಿ ಸಿಕ್ಕಿಬಿದ್ದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಅದನ್ನು ಸ್ವಾತಂತ್ರ್ಯಹರಣ ಎಂದು ಪರಿಗಣಿಸಲಿಲ್ಲ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಏಳು ಗಂಟೆ ಶೌಚಾಲಯಕ್ಕೂ ಬಿಡದೆ ನಿಲ್ಲಿಸುವುದು ಬಲಪ್ರಯೋಗವೇ.

ರಾತ್ರಿ ಪಾಳಿ

ಅಶ್ರುವಾಯುವಿನ ಬಗ್ಗೆ ಎರಡು ಮಾತು. ಯುದ್ಧದಲ್ಲಿ ಅದನ್ನು ಅಸ್ತ್ರವಾಗಿ ಬಳಸುವುದನ್ನು 1997ರಿಂದ ಜಾರಿಯಲ್ಲಿರುವ ರಾಸಾಯನಿಕ ಅಸ್ತ್ರಗಳ ಒಪ್ಪಂದ ನಿಷೇಧಿಸಿದೆ, ದೇಶದೊಳಗೆ ಗಲಭೆ ನಿಯಂತ್ರಣಕ್ಕೆ ಬಿಟ್ಟಿದೆ. ಎತ್ತರದ ಕಟ್ಟಡಗಳ ನಡುವಿನ ಕಿರಿದಾದ ಬೀದಿಯಲ್ಲಿ ಅದು ಬೇಗ ಚದುರುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ತಗ್ಗಿಗೆ, ನೆಲಮಹಡಿಗೆ ಇಳಿಯುತ್ತದೆ. ಕೆಳಗಿನ ಮನೆಗಳಲ್ಲಿ ಕೂಸುಗಳಿವೆ, ಆಸ್ತಮಾ ಇರುವ ಹಿರಿಯರಿದ್ದಾರೆ. ವಾಸದ ಮನೆಗಳಿರುವ ಬೀದಿಯಲ್ಲಿ ಬಳಸುವ ಮುಂಚೆ ಎಚ್ಚರಿಕೆ ಕೊಡಿ, ಜನ ಚದುರಲು ದಾರಿ ಬಿಡಿ ಎಂದು ಕೇಳಲು ನಮಗೆ ಪೂರ್ಣ ಹಕ್ಕಿದೆ.

ಇಬ್ಬರು ಮಕ್ಕಳ ತಾಯಿ

ಖಾಸಗಿ ಕಾವಲುಗಾರರನ್ನೂ ಮರೆಯಬೇಡಿ. ನಮ್ಮ ಗೇಟಿನಲ್ಲಿ ನಿಂತವರ ಕೈಯಲ್ಲೂ ಲಾಠಿ ಇದೆ. ಅವರಿಗೆ ಯಾವ ನಿಯಮ?

ಕಪ್ಪುಕೋಟು

ಅವರಿಗೆ ಪೊಲೀಸ್ ಅಧಿಕಾರವಿಲ್ಲ. ಸಾಮಾನ್ಯ ನಾಗರಿಕನಿಗೆ ಇರುವಷ್ಟೇ. ಮೊದಲು ಹೇಳಿದ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಕಣ್ಣೆದುರು ಗಂಭೀರ ಅಪರಾಧ ನಡೆದರೆ ಯಾರೇ ಆದರೂ ಹಿಡಿಯಬಹುದು, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಿಡಿದು ಬಡಿಯುವುದು ಶಿಕ್ಷಾರ್ಹ. ಸಂಬಳ ಕೊಡುವವರು ನಾವು, ಹಾಗಾಗಿ ಮೊದಲ ಲೆಕ್ಕ ನಮ್ಮ ಗೇಟಿನಲ್ಲೇ ಆಗಬೇಕು.

ಏಳನೇ ಮಹಡಿ

ಇಷ್ಟು ಹೊತ್ತಿನ ಮಾತಿನಿಂದ ಕೊನೆಯ ಸಾಲಿನ ಜಾಗಕ್ಕೆ ಹೀಗೆ ಬರೆದಿದ್ದೇನೆ, ನೋಡಿ:

"ನಮ್ಮ ಬೀದಿಗೆ ಖಾಯಂ ಕಾಲ್ನಡಿಗೆ ಗಸ್ತು ಬೇಕು. ಯಾರ ಜೀವಕ್ಕೂ ತಕ್ಷಣದ ಅಪಾಯ ಇಲ್ಲದಾಗ ಮೊದಲು ಮಾತುಕತೆ ನಡೆಯಲಿ. ಕೈಕೋಳ ಹಾಕಿದವರನ್ನು ಬೋರಲು ಮಲಗಿಸಿಡಬಾರದು. ಕಾಯಿಲೆಯ ಮಾತು ಬಂದರೆ ಆಂಬುಲೆನ್ಸ್ ಕರೆಸಬೇಕು. ಬಲ ಬಳಸಿದ ಪ್ರತಿ ಘಟನೆಯ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ನಿವಾಸಿಗಳ ಸಭೆಯಲ್ಲಿ ಇಡಬೇಕು. ಎದೆಯ ಮೇಲೆ ಹೆಸರಿಲ್ಲದೆ ಯಾರೂ ಕರ್ತವ್ಯಕ್ಕೆ ಬರಬಾರದು. ಅಶ್ರುವಾಯು ಬಳಸುವ ಮುನ್ನ ಮನೆಗಳಿಗೆ ಎಚ್ಚರಿಕೆ ಕೊಡಬೇಕು."

ಗಲ್ಲಾಪೆಟ್ಟಿಗೆ

ಜೀವಕ್ಕೆ ಅಪಾಯ ಇದ್ದಾಗ ಎಷ್ಟು ಹೊತ್ತಲ್ಲಿ ಬರ್ತಾರೆ ಅನ್ನೋದು ಇದರಲ್ಲಿಲ್ಲ. ಅದು ಇಲ್ಲದೆ ನಾನು ಸಹಿ ಹಾಕಲ್ಲ. ಅಂಗಡಿ ಬಾಗಿಲಲ್ಲಿ ಸರಳು ಹಿಡಿದೋನು ನಿಂತಾಗ ಅವರು ಬರೋವರೆಗೆ ನಾವು ಏನು ಮಾಡಬೇಕು ಅನ್ನೋದನ್ನೂ ಠಾಣೆಯವರೇ ಬಂದು ಅಂಗಡಿಯವರಿಗೆ ಹೇಳಿಕೊಡಲಿ. ಇವೆರಡು ಸೇರಿಸಿ, ಈ ಸಾಲಿನ ಅಂಗಡಿಯವರ ಸಹಿ ನಾನೇ ಹಾಕಿಸಿಕೊಡ್ತೀನಿ.

ನಿವೃತ್ತ ಪೇದೆ

ಸೇರಿಸಿ ಮೇಡಂ, ಎರಡೂ ನ್ಯಾಯವಾದ ಬೇಡಿಕೆ. ಮನವಿಯನ್ನ ಠಾಣೆಗೆ ಮಾತ್ರ ಕೊಟ್ಟು ಬರಬೇಡಿ. ಒಂದು ಪ್ರತಿ ಮೇಲಧಿಕಾರಿಗೆ, ಒಂದು ಪ್ರತಿ ಪೊಲೀಸ್ ದೂರು ಪ್ರಾಧಿಕಾರಕ್ಕೆ. ಎಲ್ಲ ಕಡೆ ಸ್ವೀಕೃತಿ ಮೊಹರು ಹಾಕಿಸ್ಕೊಳ್ಳಿ. ಮೊಹರು ಇಲ್ಲದ ಕಾಗದಕ್ಕೆ ಉತ್ತರ ಬರಲ್ಲ.